ಕಲ್ಲಿನ ಮೇಲಿನ ಹತ್ತೊಂಬತ್ತು

ಇನ್ನು ಹದಿನೇಳು ದಿನದೊಳಗೆ ತಾನು ಸತ್ತರೆ ಯಾರಿಗೂ ತೊಂದರೆಯಿಲ್ಲ ಎಂಬುದು, ಒಲೆಯ ಮೇಲೆ ಮೊಟ್ಟೆ ಬೇಯಲು ಇಟ್ಟಾಗ, ಮ್ಯೂರಿಯಲ್‌ಗೆ ಮತ್ತೆ ನೆನಪಾಯಿತು. ಹನ್ನೆರಡು ಮೊಟ್ಟೆ. ಮಧ್ಯಾಹ್ನ ಎರಡು ಗಂಟೆಗೆ ಸ್ಮಶಾನ ಸಮಿತಿಯ ಸಭೆ, ಸಭೆಯ ಎರಡನೆಯ ವಿಷಯ ಅವಳ ಗೋರಿಕಲ್ಲು, ಸಭೆಗೆ ತಿಂಡಿ ತರುವ ಸರದಿಯೂ ಗೋಡೆಗೆ ಅಂಟಿಸಿದ ಪಟ್ಟಿಯ ಪ್ರಕಾರ ಈ ಸಲ ಅವಳದೇ. ತನ್ನ ತಿಥಿಗೆ ತಾನೇ ಅಡಿಗೆ ಮಾಡಿದ ಹಾಗಾಯಿತಲ್ಲ ಎಂದು ನಗು ಬಂತು. ಜೊತೆಗೆ ನಗಲು ಯಾರೂ ಇಲ್ಲದ್ದರಿಂದ ಅರ್ಧಕ್ಕೇ ನಿಂತಿತು. ಸರದಿ ಬದಲಾಯಿಸಿ ಎಂದು ಕಾರ್ಯದರ್ಶಿ ಡಾರ್ಲೀನ್‌ಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಕೇಳುವುದು ಹೇಗೆ? ನನ್ನ ಸಾವಿನ ಚರ್ಚೆ ಇರುವ ದಿನ ಸ್ಯಾಂಡ್‌ವಿಚ್ ಮಾಡಲು ನನಗೆ ಮನಸ್ಸಿಲ್ಲ ಎಂದೇ? ಡಾರ್ಲೀನ್ ತಕ್ಷಣ ಒಪ್ಪಿಬಿಡುತ್ತಾಳೆ, ಆಮೇಲೆ ಊರಿಗೆ ಊರೇ ದನಿ ತಗ್ಗಿಸಿ ಮಾತಾಡಿಸಲು ಶುರುಮಾಡುತ್ತದೆ. ಮ್ಯೂರಿಯಲ್‌ಗೆ ಎಪ್ಪತ್ತಾರು ವರ್ಷ. ಒಬ್ಬರ ಮುಖ ನೋಡಿ ‘ಇಲ್ಲ’ ಎನ್ನುವುದಕ್ಕಿಂತ ಹನ್ನೆರಡು ಮೊಟ್ಟೆ ಸುಲಿಯುವುದು ಸುಲಭ ಎಂಬುದನ್ನು ಅವಳು ಬಹಳ ಹಿಂದೆಯೇ ಕಂಡುಕೊಂಡಿದ್ದಳು.

ತೊಂದರೆ ಇದ್ದದ್ದು ಎರಡು ಅಂಕಿಗಳಲ್ಲಿ. ಹದಿಮೂರು ವರ್ಷದ ಹಿಂದೆ ಗಂಡ ಎಲ್ಮರ್ ಹಾಗನ್ ತೀರಿಕೊಂಡ ವಾರದಲ್ಲಿ ಕಲ್ಲಿನವನು ಮನೆಗೇ ಬಂದಿದ್ದ. ಒಳ್ಳೆಯ ಮನುಷ್ಯ, ಬೂಟು ಬಾಗಿಲಲ್ಲೇ ಬಿಚ್ಚಿ ಬಂದ, ಒಂದು ಕಾಲುಚೀಲದಲ್ಲಿ ತೂತಿತ್ತು. ಕಾಫಿ ಕುಡಿಯುತ್ತಾ ಕಾಗದದ ಮೇಲೆ ಜೋಡಿ ಕಲ್ಲಿನ ಚಿತ್ರ ಬರೆದ. ಒಂದು ಕಡೆ ಎಲ್ಮರ್, 1919–1986, ಇನ್ನೊಂದು ಕಡೆ ಮ್ಯೂರಿಯಲ್, 1923–19. ‘ಎರಡೂ ಹೆಸರು ಈಗಲೇ ಹಾಕಿಬಿಟ್ರೆ ಆಮೇಲೆ ಎರಡೇ ಅಂಕಿ ಕೆತ್ತೋದು, ಸುಲಭ’ ಎಂದ. ಚಿತ್ರ ಆಗಲೇ ಬರೆದಾಗಿತ್ತು, ನೆರಳು ಗಿರಳು ಎಲ್ಲ ಹಾಕಿ ಚೆನ್ನಾಗಿಯೇ ಬರೆದಿದ್ದ. ಅಷ್ಟು ಕಷ್ಟಪಟ್ಟು ಬರೆದವನಿಗೆ ‘ನನಗೆ ಅಲ್ಲಿ ಮಲಗಬೇಕೋ ಬೇಡವೋ ಗೊತ್ತಿಲ್ಲ’ ಎಂದು ಹೇಗೆ ಹೇಳುವುದು? ‘ಆಗಲಿ’ ಎಂದಳು. ಸಾಯುವ ಶತಮಾನವನ್ನು ಒಂದು ಕಾಫಿ ಮುಗಿಯುವುದರೊಳಗೆ ಒಪ್ಪಿಕೊಂಡಳು. ಈಗ ನೋಡಿದರೆ ಡಿಸೆಂಬರ್ ಹದಿನಾಲ್ಕು, ಶತಮಾನಕ್ಕೆ ಹದಿನೇಳು ದಿನ ಆಯಸ್ಸು, ಅವಳಿಗೆ ಸಕ್ಕರೆ ಕಾಯಿಲೆ ಕೂಡ ಇಲ್ಲ. ಜಗತ್ತಿನ ಕಂಪ್ಯೂಟರ್‌ಗಳಿಗೆಲ್ಲ ಎರಡು ಸಾವಿರ ಎಂದರೆ ಏನೆಂದು ಗೊತ್ತಿಲ್ಲವಂತೆ, ಹೊಸ ವರ್ಷದ ದಿನ ಕರೆಂಟು ಹೋಗುತ್ತದಂತೆ, ವಿಮಾನ ಬೀಳುತ್ತವಂತೆ ಎಂದು ಮಗ ರಸೆಲ್ ನೆಲಮಾಳಿಗೆಯಲ್ಲಿ ನೀರಿನ ಕ್ಯಾನು, ಮೇಣದಬತ್ತಿ, ಹುರುಳಿಕಾಯಿ ಡಬ್ಬ ಪೇರಿಸಿಟ್ಟಿದ್ದ. ಎಲ್ಲರೂ ಆ 19ಕ್ಕೆ ಹೆದರಿದ್ದರು. ಆದರೆ ಅದನ್ನು ಕಲ್ಲಿನಲ್ಲಿ ಕೊರೆಸಿಟ್ಟುಕೊಂಡವರು ಕಡಿಮೆ.

ಹೋಟೆಲಿನಲ್ಲಿ ಬೆಳಗಿನ ಕಾಫಿಗೆ ಸೇರುವ ಮುದುಕರು ತಿಂಗಳಿನಿಂದ ಇದನ್ನೇ ಆಡಿಕೊಂಡು ನಗುತ್ತಿದ್ದರು. ಸಮಿತಿಯ ಅಧ್ಯಕ್ಷ ಕ್ಲಾರೆನ್ಸ್ ಮೋ ಮಾತ್ರ ನಗುತ್ತಿರಲಿಲ್ಲ, ಅವನದು ನಿಜವಾದ ಚಿಂತೆ. ಹೋದ ವಾರ ಅಂಗಡಿಯಲ್ಲಿ ಸಿಕ್ಕಿ, ‘ಹೇಗಿದೀರಿ ಮ್ಯೂರಿಯಲ್, ಆರೋಗ್ಯ?’ ಎಂದು ಕೇಳಿದ. ‘ಚೆನ್ನಾಗಿದೀನಿ’ ಎಂದಾಗ ಅವನ ಮುಖ ಸಣ್ಣಗಾಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸಿತು, ಸ್ವಲ್ಪ ಮಂಡಿನೋವು ಎಂದಾದರೂ ಹೇಳಬಹುದಿತ್ತು.

ಆದರೆ ಇದೆಲ್ಲದರ ಅಡಿಯಲ್ಲಿ ಇನ್ನೊಂದಿತ್ತು. ಅದನ್ನು ಅವಳು ಯಾರಿಗೂ, ಮಗನಿಗೂ ಹೇಳಿರಲಿಲ್ಲ. ಹದಿನೇಳು ದಿನ ದಾಟಿಬಿಟ್ಟರೆ ಆ ಕಲ್ಲು ಸುಳ್ಳಾಗುತ್ತದೆ, ಕಲ್ಲು ಸುಳ್ಳಾದರೆ ಅಂದು ಕಾಫಿಯ ಮುಂದೆ ಹೇಳಿದ ‘ಆಗಲಿ’ ಕೂಡ ಬಿದ್ದುಹೋಗುತ್ತದೆ. ಆಮೇಲೆ ರಸೆಲ್‌ನನ್ನು ಎದುರಿಗೆ ಕೂರಿಸಿಕೊಂಡು, ನನ್ನನ್ನು ಸುಟ್ಟು ಬೂದಿಯನ್ನು ಇಂಗ್ಲೆಂಡಿಗೆ ಒಯ್ಯಿ, ಗ್ರಿಮ್ಸ್‌ಬಿಯ ಮೀನುಕಟ್ಟೆಯ ನೀರಿಗೆ ಹಾಕು ಎನ್ನಬಹುದು. ಐವತ್ಮೂರು ವರ್ಷದಿಂದ ಅವಳು ಹೊರಟು ನಿಂತವಳೇ. ಮಗು ಹುಟ್ಟಲಿ, ಮಗು ಶಾಲೆಗೆ ಸೇರಲಿ, ಈ ಸಲದ ಗೋಧಿ ಕೊಯ್ಲು ಮುಗಿಯಲಿ, ಅತ್ತೆ ಹೋಗಲಿ, ಎಲ್ಮರ್ ಹೋಗಲಿ. ಎಲ್ಲರೂ ಹೋದರು. ಇವಳೊಬ್ಬಳು ಉಳಿದಳು. ಉಳಿಯಬೇಕೆಂದು ಯಾವತ್ತೂ ತೀರ್ಮಾನ ಮಾಡಿರಲಿಲ್ಲ. ಅಷ್ಟೇಕೆ, ಬರಬೇಕೆಂದೂ ಮಾಡಿರಲಿಲ್ಲ. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಗ್ರಿಮ್ಸ್‌ಬಿಯ ಡ್ಯಾನ್ಸ್ ಹಾಲಿನಲ್ಲಿ ನಾಲ್ಕೇ ಸಲ ಕಂಡಿದ್ದ ಕೆನಡಾದ ಸಿಪಾಯಿ ಎಲ್ಮರ್, ಐದನೆಯ ಸಲ ಬರುವಾಗ ತನ್ನ ಜೊತೆಯವರಿಗೆಲ್ಲ ‘ಇವಳು ಒಪ್ಪಿದಾಳೆ’ ಎಂದು ಹೇಳಿಕೊಂಡೇ ಬಂದಿದ್ದ. ಅವರೆಲ್ಲ ಗ್ಲಾಸು ಎತ್ತಿ ಕೂಗಿದರು. ಅವನ ಕಿವಿ ಕೆಂಪಗಾಗಿತ್ತು. ಅಷ್ಟು ಜನರ ಮುಂದೆ ಅವನ ಮರ್ಯಾದೆ ತೆಗೆಯುವುದು ಹೇಗೆಂದು ಅವಳು ಹೂಂ ಎಂದಳು. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಹಾಗೆ ಹೋದದ್ದು ಸಾಸ್ಕಾಚೆವಾನಿನ ಸ್ಟಾವೆನ್ ಎಂಬ ಈ ಹಳ್ಳಿಗೆ ಬಂದು ಬಿದ್ದಿತು. ಮರವಿಲ್ಲ, ಸಮುದ್ರವಿಲ್ಲ, ಎತ್ತ ತಿರುಗಿದರೂ ಆಕಾಶ ಬಂದು ಮೊಣಕಾಲಿಗೆ ತಾಗುವ ಊರು.

ಒಂದು ಸಲ ಓಡಿಹೋಗಲು ನೋಡಿದ್ದೂ ಉಂಟು. ಬಂದ ಮರುವರ್ಷ ಅಮ್ಮ ಗುಟ್ಟಾಗಿ ಹಡಗಿನ ಖರ್ಚು ಕಳಿಸಿದ್ದಳು. ಎಲ್ಮರ್ ಹೊಲಕ್ಕೆ ಹೋದ ಹೊತ್ತು ನೋಡಿ ಇವಳು ಕೈಬೀಸಿಕೊಂಡು ರೈಲು ನಿಲ್ದಾಣಕ್ಕೆ ನಡೆದಳು. ಪೆಟ್ಟಿಗೆ ಹಿಡಿದರೆ ಯಾರಾದರೂ ಕೇಳುತ್ತಾರೆಂದು ಪೆಟ್ಟಿಗೆಯನ್ನೂ ತಂದಿರಲಿಲ್ಲ. ರೈಲು ಬಂದು ನಿಂತಿತು. ಸ್ಟೇಷನ್ನಿನವನು ಟೋಪಿ ತೆಗೆದು, ‘ಏನು ಬಂದಿರಿ ಮಿಸೆಸ್ ಹಾಗನ್?’ ಎಂದ. ಅವನ ಮುಖದಲ್ಲಿ ಎಷ್ಟು ಒಳ್ಳೆಯತನವಿತ್ತೆಂದರೆ ಇವಳ ಬಾಯಿಂದ, ‘ನನಗೊಂದು ಪಾರ್ಸೆಲ್ ಬರಬೇಕಿತ್ತು’ ಎಂದು ಬಂದುಬಿಟ್ಟಿತು. ಅವನು ಡಬ್ಬಿ ಡಬ್ಬಿ ಹುಡುಕಿಸಿದ. ರೈಲು ಹೊರಟುಹೋಯಿತು. ಸಂಜೆಗೆ ಸುದ್ದಿ ಊರವರೆಲ್ಲ ಒಟ್ಟಿಗೆ ಕೇಳುವ ಟೆಲಿಫೋನಿನಲ್ಲಿ ಹರಿದು ಮನೆ ಸೇರಿತ್ತು. ಎಲ್ಮರ್ ಎಂದರೆ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ‘ನನ್ನ ಹೆಂಡತಿಯ ಪಾರ್ಸೆಲ್ ಕಳೆಯೋದಾ?’ ಎಂದು ರೈಲಿನವರಿಗೆ ಒಂದು ವರ್ಷ ಬಿಡದೆ ಕಾಗದ ಬರೆದ. ಇಲ್ಲದ ಪಾರ್ಸೆಲ್ಲಿನ ತೂಕ, ಬಣ್ಣ, ಕಟ್ಟಿದ ದಾರ ಎಲ್ಲವನ್ನೂ ಇವಳ ಹತ್ತಿರ ಕೇಳಿ ಕೇಳಿ ಬರೆದ. ಕೊನೆಗೆ ಅವರು ಸೋತು ಒಂದು ಪಾರ್ಸೆಲ್ ಕಳಿಸಿಯೇಬಿಟ್ಟರು. ಒಳಗೆ ಎಮ್ಮೆಕೊಂಬಿನ ಗುಂಡಿಗಳು, ಆರು ಡಜನ್. ಎಲ್ಮರ್ ಗೆದ್ದವನ ಹಾಗೆ ನಿಂತಿದ್ದ. ‘ಇದೇ, ಇದೇ’ ಎಂದು ಅವಳು ಅತ್ತಳು. ಪರವಾಗಿಲ್ಲ, ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡ. ರಸೆಲ್ ಬೆಳೆದದ್ದೆಲ್ಲ ಆ ಗುಂಡಿ ಹಾಕಿದ ಅಂಗಿಗಳಲ್ಲಿ.

ಆ ರಸೆಲ್ ಈಗ ಒಂದೂವರೆಗೆ ಪಿಕಪ್ ತಂದು ನಿಲ್ಲಿಸಿದ. ಐವತ್ತು ದಾಟಿದ ಆಳು, ಅಪ್ಪನದೇ ಕಿವಿ. ಹೊರಗೆ ಮೈನಸ್ ಮೂವತ್ತೊಂದು. ಮೂಗಿನೊಳಗಿನ ಕೂದಲು ಕೂಡ ಕಡ್ಡಿಯಾಗುವ ಚಳಿ. ಸ್ಯಾಂಡ್‌ವಿಚ್ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

‘ಅಮ್ಮಾ, ಅವರು ಏನಾದ್ರೂ ಅಂದ್ರೆ ಮನಸ್ಸಿಗೆ ಹಚ್ಕೋಬೇಡ.’

‘ಏನಂತಾರೆ?’

‘ಏನೂ ಅನ್ನಲ್ಲ. ಕ್ಲಾರೆನ್ಸ್ ಏನೋ ಗಾರೆ ಥರದ್ದು ತುಂಬಿ ಮತ್ತೆ ಕೆತ್ತಿಸೋಣ ಅಂತಿದಾನೆ. ಚಳಿಗೆ ಅದು ಉದುರುತ್ತಂತೆ. ಉದುರಿದ್ರೆ ಕೆಳಗಿನ ಹತ್ತೊಂಬತ್ತು ಮತ್ತೆ ಕಾಣುತ್ತೆ.’ ರಸೆಲ್ ಗೇರು ಬದಲಾಯಿಸಿದ. ‘ನನಗೇನೋ ಅದೇನೂ ದೊಡ್ಡ ವಿಷಯ ಅಲ್ಲ. ನೂರು ವರ್ಷ ಹಿಂದೆ ಮುಂದೆ.’

‘ಆಗ ನಾನು ಹುಟ್ಟೋಕೆ ಮುಂಚೆ ಸತ್ತ ಹಾಗಾಗುತ್ತಲ್ಲೋ.’

ಅವನು ಯೋಚಿಸಿದ. ‘ಹೌದಲ್ಲ’ ಎಂದ. ಈಗ ಹೇಳಿಬಿಡಲೇ, ಗ್ರಿಮ್ಸ್‌ಬಿಯ ವಿಷಯ ಹೇಳಿಬಿಡಲೇ ಎಂದು ಅವಳಿಗೆ ಅನ್ನಿಸಿತು. ಮಗ ರಸ್ತೆಯ ಐಸು ನೋಡಿಕೊಂಡು ಎಚ್ಚರದಿಂದ ಓಡಿಸುತ್ತಿದ್ದ, ಓಡಿಸುವವನನ್ನು ಮಾತಾಡಿಸಬಾರದು ಎಂದು ಸುಮ್ಮನಾದಳು.

ಸಭೆ ಇದ್ದದ್ದು ಐಸಿನ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಶೆಡ್ಡಿನ ಅಡುಗೆಮನೆಯಲ್ಲಿ; ಚಳಿಗಾಲದಲ್ಲಿ ಊರಿನಲ್ಲಿ ಬೆಚ್ಚಗಿರುವ ಸಾರ್ವಜನಿಕ ಜಾಗ ಅದೊಂದೇ. ಬಾಗಿಲಲ್ಲೇ ಸಿಗ್ನೆ ಬ್ರಾಟೆನ್ ನಿಂತಿದ್ದಳು. ಎಪ್ಪತ್ತೆಂಟು ವರ್ಷ, ಬೆನ್ನು ಇನ್ನೂ ಕೋಲಿನ ಹಾಗೆ ನೆಟ್ಟಗೆ. ‘ಬನ್ನಿ ಬನ್ನಿ, ಒಳಗೆ ಬನ್ನಿ, ಕೊಡಿ ಇಲ್ಲಿ, ನೀವ್ಯಾಕೆ ಇಷ್ಟೊಂದು ಮಾಡೋಕೆ ಹೋದ್ರಿ’ ಎಂದು ತಟ್ಟೆ ಇಸಿದುಕೊಂಡು, ಹೀಟರಿನ ಪಕ್ಕದ ಕುರ್ಚಿ ಎಳೆದು ಕೊಟ್ಟಳು. ಐವತ್ಮೂರು ವರ್ಷದಿಂದ ಸಿಗ್ನೆ ಅವಳಿಗೆ ಕುರ್ಚಿ ಎಳೆದು ಕೊಡುತ್ತಲೇ ಇದ್ದಳು. ಮ್ಯೂರಿಯಲ್ ಸ್ಟಾವೆನ್ನಿಗೆ ಬಂದ ಮಾರ್ಚ್ ತಿಂಗಳಿನಲ್ಲಿ ರಸ್ತೆ ಹಿಮದಲ್ಲಿ ಮುಚ್ಚಿತ್ತು. ನಿಲ್ದಾಣದಿಂದ ಮನೆಗೆ ಕರೆದೊಯ್ಯಲು ಹಿಮದ ಗಾಡಿ ಹೂಡಿಕೊಂಡು ಬಂದದ್ದು ಸಿಗ್ನೆಯೇ. ಎಲ್ಮರ್ ಹಿಂದೆ ಕೂತು ಮಾತಿಲ್ಲದೆ ಕುದುರೆಯ ಬಾಲ ನೋಡುತ್ತಿದ್ದ. ಇವಳ ತೆಳ್ಳನೆ ಇಂಗ್ಲಿಷ್ ಕೋಟು ನೋಡಿ ಸಿಗ್ನೆ ತನ್ನ ತುಪ್ಪಟದ ಕೋಟು ಬಿಚ್ಚಿ ಹೊದಿಸಿದಳು. ‘ನೀವು ಚಳಿಗೆ ಹೊಸಬರು’ ಎಂದಳು. ಆಮೇಲೆ ಬೂಟು ಕೊಟ್ಟಳು. ಬ್ರೆಡ್ಡಿಗೆ ಹುದುಗು ಕೊಟ್ಟಳು. ಹೇಳಬೇಕಾದದ್ದನ್ನು ಮಾತ್ರ ಯಾರೂ ಹೇಳಲಿಲ್ಲ. ಇವಳು ಕಾಲಿಟ್ಟ ಕಡೆಯಲ್ಲೆಲ್ಲ ಹೆಂಗಸರ ಮಾತು ಫಕ್ಕನೆ ನಿಲ್ಲುತ್ತಿತ್ತು; ಹಾಗೆ ನಿಂತ ಮಾತಿನಿಂದಲೇ ಎರಡು ವರ್ಷದಲ್ಲಿ ಅವಳಿಗೆ ತಿಳಿಯಿತು, ಸಿಗ್ನೆಗೂ ಎಲ್ಮರನಿಗೂ ಯುದ್ಧಕ್ಕೆ ಮೊದಲೇ ಮದುವೆಯ ಮಾತಾಗಿತ್ತು ಎಂದು. ಗಂಡನನ್ನು ಕೇಳಲಿಲ್ಲ. ಸಿಗ್ನೆಯನ್ನು ಕೇಳುವುದಂತೂ ಹೇಗೆ, ಮೈಮೇಲೆ ಅವಳದೇ ಕೋಟು. ಸಿಗ್ನೆ ಒಂದು ದಿನವಾದರೂ ಮುಖ ಗಂಟಿಕ್ಕಿದ್ದರೆ, ಒಂದು ಕೊಂಕು ಆಡಿದ್ದರೆ, ಬದುಕು ಎಷ್ಟೋ ಹಗುರಾಗುತ್ತಿತ್ತು. ಆ ಹೆಂಗಸು ಪಾಲ್ಮರ್ ಬ್ರಾಟೆನ್‌ನನ್ನು ಮದುವೆಯಾಗಿ, ಅವನನ್ನು ಮಣ್ಣಿಗೆ ಹಾಕಿ, ಇವತ್ತಿಗೂ ಕುರ್ಚಿ ಎಳೆಯುತ್ತಿದ್ದಳು.

ಡಾರ್ಲೀನ್ ಕನ್ನಡಕ ಏರಿಸಿಕೊಂಡು ಓದಿದಳು. ಮೊದಲನೆಯ ವಿಷಯ ಹೆಗ್ಗಣದ ಬಿಲ. ಸ್ಮಶಾನದ ಪೂರ್ವದ ಕಡೆ ಹೆಗ್ಗಣ ತೋಡಿ ಮೂರು ಕಲ್ಲು ವಾಲಿದ್ದವು; ವಸಂತಕ್ಕೆ ನೋಡೋಣ ಎಂದಾಯಿತು. ಎರಡನೆಯದು ಬಂತು. ಎಲ್ಲರೂ ಮ್ಯೂರಿಯಲ್ ಕಡೆ ನೋಡದಿರಲು ಸ್ಯಾಂಡ್‌ವಿಚ್ ನೋಡಿದರು.

‘ನಮ್ಮಲ್ಲಿ ಮುಂಗಡ ಹತ್ತೊಂಬತ್ತು ಕೆತ್ತಿದ ಕಲ್ಲು ಒಟ್ಟು ಎಂಟು’ ಎಂದ ಕ್ಲಾರೆನ್ಸ್. ‘ಆರು ಜನ ಸಮಯಕ್ಕೆ ಸರಿಯಾಗಿ...’ ಎಂದು ನಿಲ್ಲಿಸಿ ಕೆಮ್ಮಿದ. ‘ಅಂದ್ರೆ, ಆರು ಕಲ್ಲು ಸರಿಹೋದ್ವು. ಉಳಿದಿರೋದು ಎರಡು. ಒಂದು ಮ್ಯೂರಿಯಲ್‌ದು, ಇನ್ನೊಂದು ನಮ್ಮ ಸಿಗ್ನೇದು, ಪಾಲ್ಮರ್ ಪಕ್ಕದ್ದು.’

‘ನಂದು ಬಿಡು’ ಎಂದಳು ಸಿಗ್ನೆ. ‘ನಂಗೆ ಅದೊಂದು ಲೆಕ್ಕವಾ? ಇವರದ್ದು ಮೊದ್ಲು ನೋಡಿ.’

‘ಅದೇ. ಮ್ಯೂರಿಯಲ್ ನಮ್ಮೂರಿಗೆ ಅಷ್ಟು ದೂರದಿಂದ ಬಂದವರು. ಅವರ ಕಲ್ಲು ತಪ್ಪಿರಬಾರದು.’ ಕ್ಲಾರೆನ್ಸ್ ಈಗ ಧೈರ್ಯ ಮಾಡಿ ತಿರುಗಿದ. ‘ಈಗೊಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಡಾಕ್ಟರು ಏನಂತಾರೆ?’

‘ಕ್ಲಾರೆನ್ಸ್!’ ಎಂದ ರಸೆಲ್.

‘ಅಲ್ಲಪ್ಪ, ಯೋಜನೆ ಹಾಕ್ಕೋಬೇಕಲ್ಲ. ಗಾರೆಯವನನ್ನ ಕರೆಸಿ, ಕೆತ್ತಿಸಿ, ಆಮೇಲೆ ಈ ತಿಂಗಳೇ ಏನಾದ್ರೂ... ಆಗಬಾರದು, ಆಗದೇ ಇರ್ಲಿ! ಆದ್ರೆ ಮತ್ತೆ ಗಾರೆ ಕೀಳಬೇಕು ತಾನೆ?’

ಮ್ಯೂರಿಯಲ್ ಎದೆಯೊಳಗೆ ಏನೋ ಎದ್ದು ನಿಂತಿತು. ಹದಿನೇಳು ದಿನ ಕಾಯುವುದು ಯಾಕೆ, ಇಲ್ಲೇ ಹೇಳಿಬಿಡಬಹುದು, ಇವರೇ ಬಾಗಿಲು ತೆಗೆದು ಕೊಡುತ್ತಿದ್ದಾರೆ. ಜೀವಮಾನದಲ್ಲಿ ಒಂದು ಸಲ ಬೇಡ ಎಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಅವಳು ಬೆರಳುಗಳನ್ನು ಮೇಜಿನ ಅಂಚಿಗೆ ಊರಿ, ‘ನನ್ನ ಹೆಸರನ್ನೇ ತೆಗೆಸಿಬಿಡಿ’ ಎಂದಳು. ‘ನನಗೆ ಆ ಜಾಗ ಬೇಡ.’

ಎಲ್ಲರೂ ಒಟ್ಟಿಗೇ ಶುರುಮಾಡಿದರು.

‘ಛೆ ಛೆ, ಹಾಗೆಲ್ಲ ಸಂಕೋಚ ಪಟ್ಕೋಬಾರದು.’

‘ನಮಗೇನೂ ತೊಂದರೆ ಇಲ್ಲ ಮ್ಯೂರಿಯಲ್, ಖಂಡಿತಾ ಇಲ್ಲ.’

‘ನೋಡಿದ್ರಾ, ಎಂಥಾ ಮನಸ್ಸು!’ ಎಂದಳು ಡಾರ್ಲೀನ್, ಕಣ್ಣು ಒದ್ದೆಯಾಗಿತ್ತು. ‘ನಮಗೆ ಭಾರ ಆಗಬಾರದು ಅಂತ ತನ್ನ ಹೆಸರನ್ನೇ ತೆಗೆಸೋಕೆ ಹೊರಟಿದಾರೆ.’

ಗೋಡೆಗೆ ಹೇಳಿದ ಹಾಗಾಯಿತು. ಒಂದೇ ಒಂದು ಸಲ ‘ಬೇಡ’ ಎಂದರೆ ಅದನ್ನೂ ಒಳ್ಳೆಯತನವೆಂದು ಮಡಚಿ ವಾಪಸು ಕೊಡುತ್ತಿದ್ದಾರಲ್ಲ! ಅವಳಿಗೆ ನಗುವೋ ಅಳುವೋ ಗೊತ್ತಾಗಲಿಲ್ಲ. ‘ಸಂಕೋಚ ಅಲ್ಲ, ನಿಜವಾಗಿ ಬೇಡ’ ಎಂದಳು. ರಸೆಲ್ ಅವಳ ಭುಜ ತಟ್ಟಿ, ‘ಆಯ್ತಮ್ಮ, ಆಯ್ತು’ ಎಂದ. ಭುಜ ತಟ್ಟುವುದರಲ್ಲೂ ಅಪ್ಪನದೇ ಕೈ. ಡಾರ್ಲೀನ್ ಮಾತ್ರ ಕೆಲಸದ ಹೆಂಗಸು, ಒಮ್ಮೆ ಪ್ರಸ್ತಾಪವಾದದ್ದನ್ನು ನೋಡದೆ ಬಿಡುವವಳಲ್ಲ. ಹೆಸರು ತೆಗೆಯಲು ಜಾಗ ಯಾರದೋ ಅವರ ಸಹಿ ಬೇಕಾಗುತ್ತದೆ, ಯಾವುದಕ್ಕೂ ಹಳೆಯ ಪುಸ್ತಕ ನೋಡಿಬಿಡೋಣ ಎಂದು, ಬೆನ್ನು ಕಿತ್ತುಹೋದ ಒಂದು ನೋಂದಣಿ ಪುಸ್ತಕವನ್ನು ಚೀಲದಿಂದ ತೆಗೆದು, ಹಾಳೆ ತಿರುವಿ, ಬೆರಳಿಟ್ಟು ಗಟ್ಟಿಯಾಗಿ ಓದಿದಳು. ‘ಜೂನ್ 1943. ಗುನ್‌ಹಿಲ್ಡ್ ಹಾಗನ್, ನಾಲ್ಕು ಜಾಗ. ಒಂದು ತನಗೆ, ಒಂದು ಗಂಡನಿಗೆ, ಒಂದು ಮಗ ಎಲ್ಮರನಿಗೆ, ಒಂದು...’ ಅಷ್ಟರಲ್ಲಿ ಅವಳ ದನಿ ಬಿದ್ದುಹೋಯಿತು.

‘ಓದು’ ಎಂದ ಕ್ಲಾರೆನ್ಸ್.

‘...ಒಂದು ಸಿಗ್ನೆಗೆ.’

ಸಿಗ್ನೆ ಕಾಫಿಗೆ ಸಕ್ಕರೆ ಹಾಕಿಕೊಳ್ಳುವವಳಲ್ಲ. ಆದರೂ ಚಮಚದಿಂದ ಕಲಕುತ್ತಿದ್ದಳು.

ಜೂನ್ 1943. ಆಗ ಮ್ಯೂರಿಯಲ್ ಮೀನುಕಟ್ಟೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದಳು, ಎಲ್ಮರ್ ಎಂಬ ಹೆಸರಿನ ಮನುಷ್ಯ ಜಗತ್ತಿನಲ್ಲಿದ್ದಾನೆಂದು ಗೊತ್ತಿರಲಿಲ್ಲ. ಮಗ ಯುದ್ಧದಲ್ಲಿ ಉಳಿಯುತ್ತಾನೋ ಇಲ್ಲವೋ ಎಂದು ಅತ್ತೆ ಗುನ್‌ಹಿಲ್ಡ್ ಮಣ್ಣು ಕೊಂಡಿಟ್ಟಳು. ಆಮೇಲೆ ಇಪ್ಪತ್ತೆಂಟು ವರ್ಷ ಬದುಕಿದ್ದಳಲ್ಲ ಆ ಮುದುಕಿ! ದಿನಾ ಒಂದೇ ಮೇಜಿನಲ್ಲಿ ಉಂಡಳು, ಕೊನೆಯ ಆರು ತಿಂಗಳು ಇವಳ ಕೈಯಲ್ಲೇ ಹೇಲು ಉಚ್ಚೆ ತೆಗೆಸಿಕೊಂಡಳು, ಹೆಸರೊಂದನ್ನು ಮಾತ್ರ ತಿದ್ದಿಸಲಿಲ್ಲ. ಮರೆತಿದ್ದಳೇ? ಮರೆಯುವ ಪೈಕಿಯಾಗಿದ್ದರೆ ಸತ್ತ ಕೋಳಿಗಳ ಹೆಸರು ಹೇಗೆ ನೆನಪಿರುತ್ತಿತ್ತು? ಹದಿಮೂರು ವರ್ಷ ಪ್ರತಿ ಬೇಸಿಗೆಯ ಭಾನುವಾರ ಮ್ಯೂರಿಯಲ್ ಆ ಕಲ್ಲಿನ ಮುಂದೆ ಮಂಡಿಯೂರಿ ಕಳೆ ಕಿತ್ತಿದ್ದಳು, ತನ್ನ ಭಾಗದ ಹುಲ್ಲನ್ನು ಎಲ್ಮರನ ಭಾಗಕ್ಕಿಂತ ಸ್ವಲ್ಪ ಉಪೇಕ್ಷೆಯಿಂದ. ಅದು ಬೇರೆಯವಳ ಹುಲ್ಲು! ಬೇಡ ಎಂದವಳಿಗೆ, ಬಿಟ್ಟುಹೋಗಲು ಐವತ್ಮೂರು ವರ್ಷ ಕಾದವಳಿಗೆ, ಈಗ ಸಿಟ್ಟು ಉಕ್ಕಿತು. ಬೇಡ ಎನ್ನಬೇಕಾದರೂ ಅದು ತನ್ನದಾಗಿರಬೇಕಲ್ಲವೇ? ಏನು ನಾಚಿಕೆಗೇಡು, ಆರಡಿ ಹೆಪ್ಪುಗಟ್ಟಿದ ಮಣ್ಣಿಗೆ ಇಷ್ಟು ಹೊಟ್ಟೆಕಿಚ್ಚು!

‘ಇದೇನು ಮಹಾ’ ಎಂದ ಕ್ಲಾರೆನ್ಸ್ ಬೆವರು ಒರೆಸಿಕೊಳ್ಳುತ್ತಾ. ‘ಹಳೇ ಕಾಗದ. ಸಿಗ್ನೆ, ನೀನಿಲ್ಲೊಂದು ಸಹಿ ಹಾಕು, ಮ್ಯೂರಿಯಲ್ ಹೆಸರಿಗೆ ಮಾಡಿಬಿಡೋಣ. ಮುಗೀತು.’

ಡಾರ್ಲೀನ್ ಪೆನ್ನು ಮುಂದೆ ಚಾಚಿದಳು. ಸಿಗ್ನೆ ಪೆನ್ನನ್ನು ನೋಡಿದಳು. ಚಮಚ ತೆಗೆದು ತಟ್ಟೆಯ ಮೇಲಿಟ್ಟಳು.

‘ಹಾಕಲ್ಲ’ ಎಂದಳು.

‘ಏನು?’

‘ಕಿವಿ ಕೇಳಲ್ವಾ ಕ್ಲಾರೆನ್ಸ್? ಸಹಿ ಹಾಕಲ್ಲ ಅಂದೆ. ನನ್ನ ಹೆಸರಲ್ಲಿದೆ, ಇರ್ಲಿ.’

‘ಸಿಗ್ನೆ, ನಿಂಗೆ ಪಾಲ್ಮರ್ ಪಕ್ಕದಲ್ಲಿ ಜಾಗ ಇದ್ಯಲ್ಲೇ!’

‘ಪಾಲ್ಮರ್‌ಗೆ ಒಬ್ಬನೇ ಮಲಗೋದೇ ಇಷ್ಟ. ಬದುಕಿದ್ದಾಗಲೂ ಹಂಗೇ ಇದ್ದ.’

ಮ್ಯೂರಿಯಲ್ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿಲ್ಲ. ‘ಸಿಗ್ನೆ, ಅವನು ನನ್ನ ಗಂಡ’ ಎಂದಳು.

‘ಗೊತ್ತು ಕಣೇ! ಐವತ್ಮೂರು ವರ್ಷದಿಂದ ಅದನ್ನೇ ನೋಡ್ಕೊಂಡು ಬಂದಿದೀನಿ. ನನ್ನ ಕೋಟು ಹಾಕ್ಕೊಂಡೆ, ನನ್ನ ಬೂಟು ಹಾಕ್ಕೊಂಡೆ, ನನ್ನ ಹುದುಗಲ್ಲಿ ಬ್ರೆಡ್ ಮಾಡಿ ಅವನಿಗೆ ತಿನ್ನಿಸ್ದೆ. ಒಂದು ದಿನ ಆದ್ರೂ ಕೇಳಿದ್ಯಾ, ಸಿಗ್ನೆ, ನಿಂಗೆ ಹೇಗಿದೆ ಅಂತ?’

‘ನಾನು ಕೇಳಿದ್ನಾ ನಿನ್ನ ಕೋಟು? ನೀನೇ ತಂದು ಹೊದಿಸ್ದೆ! ಬೈದಿದ್ರೆ ವಾಪಸ್ ಕೊಡ್ತಿದ್ದೆ. ಬೈಲಿಲ್ಲ ನೀನು. ನಗ್ತಾ ನಗ್ತಾ ಕುರ್ಚಿ ಎಳೀತಿದ್ದೆ, ಆ ಕುರ್ಚಿ ಮೇಲೆ ಕೂತು ಕೂತು ನಾನು ಸತ್ತೇಹೋದೆ!’

‘ಇನ್ನೆಲ್ಲಿ ಸತ್ತಿದೀಯ? ಸತ್ತಿದ್ರೆ ಈ ಸಭೆ ಯಾಕೆ ಬೇಕಿತ್ತು?’

‘ಅಮ್ಮಾ...’ ಎಂದ ರಸೆಲ್.

‘ನೀನು ಸುಮ್ನಿರೋ!’ ಎಂದರು ಇಬ್ಬರೂ ಒಟ್ಟಿಗೆ.

‘ನಲವತ್ತು ವರ್ಷ ಅವನ ಗೊರಕೆ ಕೇಳಿದೋಳು ನಾನು’ ಎಂದಳು ಮ್ಯೂರಿಯಲ್. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ ಅಮ್ಮ ಹರಾಜು ಕೂಗುವವನ ಜೊತೆ ಜಗಳಕ್ಕೆ ನಿಂತಾಗ ಹೀಗೆ ಕೂಗುತ್ತಿದ್ದಳು. ‘ಅವನ ಕಾಲಿನ ಆಣಿ ಕತ್ತರಿಸಿದೋಳು ನಾನು. ಅವನ ಆ ದರಿದ್ರ ಪಾರ್ಸೆಲ್ ಕಾಗದಗಳಿಗೆಲ್ಲ ಸುಳ್ಳು ಹೇಳಿ ಹೇಳಿ ಬಾಯಿ ಒಣಗಿಸ್ಕೊಂಡೋಳು ನಾನು. ಆ ಜಾಗ ನಂದು. ಅತ್ತೆ ಏನಾದ್ರೂ ಬರೆಸ್ಕೊಳ್ಳಲಿ, ಅದು ನಂದು!’

ಆ ಮಾತು ಹೊರಗೆ ಬಂದ ಮೇಲೆ ಅವಳಿಗೇ ಕೇಳಿಸಿತು. ಅಡುಗೆಮನೆಯಲ್ಲಿ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಸ್ಟಾವೆನ್ನಿನಲ್ಲಿ ಜಗಳವೇ ಇಲ್ಲವೆಂದಲ್ಲ. ಬೇಲಿಗೆ, ಹಸುವಿಗೆ, ಚರ್ಚಿನ ಪರದೆಯ ಬಣ್ಣಕ್ಕೆ ಅಣ್ಣ ತಮ್ಮಂದಿರು ಇಪ್ಪತ್ತು ವರ್ಷ ಮಾತು ಬಿಟ್ಟದ್ದುಂಟು. ಆದರೆ ಅವಳ ಜೊತೆ ಯಾರೂ ಜಗಳವಾಡಿರಲಿಲ್ಲ. ನೆಂಟರ ಜೊತೆ ಯಾರು ಜಗಳವಾಡುತ್ತಾರೆ? ಸಿಗ್ನೆಯ ಮುಖ ಕೆಂಪಗಾಗಿತ್ತು, ಮೂಗಿನ ತುದಿಯಲ್ಲಿ ಹನಿ ನಿಂತಿತ್ತು, ಕಣ್ಣಿನಲ್ಲಿ ನೆಟ್ಟಗೆ, ಹೊಳೆಯುವ, ಮುಚ್ಚುಮರೆಯಿಲ್ಲದ ದ್ವೇಷ. ಮ್ಯೂರಿಯಲ್‌ಗೆ ಖುಷಿಯಾಯಿತು. ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಖುಷಿಯಾಯಿತು.

ಕ್ಲಾರೆನ್ಸ್ ಸಮಿತಿ ನಡೆಸಿ ಪಳಗಿದವನು. ಮೇಜನ್ನು ಎರಡು ಸಲ ಕುಟ್ಟಿ, ಅವರಿಬ್ಬರೂ ಉಸಿರು ತೆಗೆದುಕೊಳ್ಳುವ ಸಂದಿ ನೋಡಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. ‘ಯಾರು ಮೊದಲು ಹೋಗ್ತಾರೋ ಅವರಿಗೆ!’

ಅವನಿಗೇ ತನ್ನ ಮಾತು ಹಿಡಿಸಿತು. ‘ಅಲ್ವಾ? ಯಾರು ಮೊದಲು ಹೋಗ್ತಾರೋ ಎಲ್ಮರ್ ಪಕ್ಕದ ಜಾಗ ಅವರಿಗೆ. ಉಳಿದವರಿಗೆ ಪಾಲ್ಮರ್ ಪಕ್ಕ. ಎರಡೂ ಜಾಗ ವ್ಯರ್ಥ ಆಗಲ್ಲ.’

‘ಪಾಲ್ಮರ್ ಪಕ್ಕ ನಾನಾ?’ ಎಂದಳು ಮ್ಯೂರಿಯಲ್.

‘ಅವನೇನು ಕಚ್ಚಲ್ಲ’ ಎಂದಳು ಸಿಗ್ನೆ.

ಡಾರ್ಲೀನ್ ಬರೆದುಕೊಂಡಳು. ಒಪ್ಪುವವರು ಕೈ ಎತ್ತಿ ಎಂದಾಗ ಕ್ಲಾರೆನ್ಸ್ ಎತ್ತಿದ, ಡಾರ್ಲೀನ್ ಎತ್ತಿದಳು. ರಸೆಲ್ ಎರಡು ಕೈಯನ್ನೂ ಜೇಬಿಗೆ ಹಾಕಿಕೊಂಡು, ಗಾಡಿ ಬೆಚ್ಚಗೆ ಮಾಡುತ್ತೇನೆಂದು ಹೊರಗೆ ಹೋದ. ಸಿಗ್ನೆ ಮ್ಯೂರಿಯಲ್‌ಳನ್ನು ದಿಟ್ಟಿಸುತ್ತಾ ಎತ್ತಿದಳು. ಮ್ಯೂರಿಯಲ್ ಅವಳಿಗಿಂತ ಮೇಲಕ್ಕೆ ಎತ್ತಿದಳು. ಹತ್ತೊಂಬತ್ತರ ವಿಷಯವನ್ನು ಜನವರಿಯ ಸಭೆಗೆ ಮುಂದೂಡಲಾಯಿತು, ಅಷ್ಟರಲ್ಲಿ ಪರಿಸ್ಥಿತಿ ಸ್ಪಷ್ಟವಾಗಬಹುದೆಂದು. ಸ್ಯಾಂಡ್‌ವಿಚ್ ಹಾಗೇ ಉಳಿದಿತ್ತು.

ಕೋಟು ಹಾಕಿಕೊಳ್ಳುವಾಗ ಅವಳು ಲೆಕ್ಕ ಹಾಕಿ ನೋಡಿದಳು, ಲೆಕ್ಕ ಹತ್ತಲಿಲ್ಲ. ಬೆಳಗ್ಗೆ ಮೊಟ್ಟೆ ಬೇಯಿಸುವಾಗ ಬದುಕಬೇಕೆಂದಿದ್ದಳು, ಬದುಕಿದರೆ ಬಿಡುಗಡೆ. ಈಗ ಆ ಜಾಗ ಬೇಕಿದ್ದರೆ ಮೊದಲು ಸಾಯಬೇಕು. ಸಾಯುವ ಮನಸ್ಸು ಯಾವತ್ತೂ ಇಷ್ಟು ಕಡಿಮೆ ಇರಲಿಲ್ಲ. ಆದರೆ ಸಿಗ್ನೆ? ಎಪ್ಪತ್ತೆಂಟು, ರಕ್ತದೊತ್ತಡ ಬೇರೆ. ಅವಳು ಇವತ್ತು ರಾತ್ರಿಯೇ ಹಟಕ್ಕೆ ಸತ್ತರೂ ಸತ್ತಳು. ಬಾಗಿಲಿನಾಚೆ ಶೆಡ್ಡಿನ ಐದು ಮೆಟ್ಟಿಲು. ಯಾರೋ ನೀರು ಚೆಲ್ಲಿ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಸಿಗ್ನೆ ಆಗಲೇ ಎರಡನೆಯ ಮೆಟ್ಟಿಲಲ್ಲಿದ್ದಳು. ಅವಳ ಬೂಟು ಸರ್ರನೆ ಜಾರಿತು.

ಮ್ಯೂರಿಯಲ್ ಹಾರಿ ಅವಳ ಕೋಟಿನ ಕತ್ತುಪಟ್ಟಿ ಹಿಡಿದಳು. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಸಿಗ್ನೆ.

‘ಇಷ್ಟು ಬೇಗ ಹೊರಟ್ಯಾ? ಬಿಡಲ್ಲ ನಿನ್ನ!’

ಸಿಗ್ನೆ ಏದುಸಿರು ಬಿಡುತ್ತಾ ತಿರುಗಿ, ಇವಳ ಕಾಲ ಕೆಳಗಿನ ಐಸು ನೋಡಿ, ಇವಳ ತೋಳನ್ನು ಎರಡೂ ಕೈಯಿಂದ ಬಲವಾಗಿ ತಬ್ಬಿ ಹಿಡಿದಳು. ‘ನನಗಿಂತ ಮೊದ್ಲು ನೀನು ಬೀಳಬಹುದು ಅಂದ್ಕೊಂಡ್ಯಾ? ನೆಟ್ಟಗೆ ನಿಂತ್ಕೋ! ಕಂಬಿ ಹಿಡ್ಕೋ! ಆ ಕಾಲು ಇತ್ತ ತಾ!’

‘ನೀನು ಮೊದ್ಲು ಇಳಿ.’

‘ಆಹಾ! ನಾನು ಇಳಿಯೋವಾಗ ನೀನು ಬೆನ್ನ ಹಿಂದೆ ಬಿದ್ದು ಸಾಯೋಕಾ? ನೀನು ಇಳಿ, ನಾನು ಹಿಡ್ಕೋತೀನಿ.’

‘ಇಬ್ರೂ ಒಟ್ಟಿಗೆ ಇಳಿಯೋಣ.’

‘ಹೂಂ, ಒಟ್ಟಿಗೆ. ಬಿಟ್ಟೆ ಅಂದ್ರೆ ನೋಡು.’

ಪಿಕಪ್ಪಿನಲ್ಲಿ ರಸೆಲ್ ಹಾರ್ನ್ ಹೊಡೆದ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಒಬ್ಬಳ ಸೊಂಟ ಇನ್ನೊಬ್ಬಳು ಬಿಗಿಯಾಗಿ ಹಿಡಿದು, ಒಬ್ಬಳ ಬೂಟಿನ ಪಕ್ಕ ಇನ್ನೊಬ್ಬಳು ಬೂಟಿಟ್ಟು, ಬೈದುಕೊಳ್ಳುತ್ತಾ ಮೂರನೆಯ ಮೆಟ್ಟಿಲಿಗೆ ಇಳಿದರು.